ಹಳೆ ಕೇಬಲ್ಲಿನ ಬಿಳಿ ಪ್ಲಾಸ್ಟಿಕ್ ಯಾಕೆ ಕರಗುವುದಿಲ್ಲ? ಹೊಸ ಪಿಪಿ ಕೇಬಲ್ ಬಂದರೆ ಏನು ಬದಲಾದೀತು?

ಪ್ರಶ್ನೆ: ನೆಲಮಂಗಲದ ಹತ್ತಿರ ಹಳೆ ಕೇಬಲ್ ಸುಲಿದು ಅಲ್ಯುಮಿನಿಯಂ, ತಾಮ್ರ ಬೇರ್ಪಡಿಸುವ ಸಣ್ಣ ಘಟಕ ನಡೆಸುತ್ತಿದ್ದೇನೆ. 11 ಕೆ.ವಿ., 33 ಕೆ.ವಿ. ಕೇಬಲ್‌ಗಳಿಂದ ಬರುವ ಬಿಳಿ ಇನ್ಸುಲೇಶನ್ ರಾಶಿ ಬಿದ್ದಿದೆ. ಗ್ರಾನ್ಯೂಲ್ಸ್ ಮಾಡುವವರು ಒಂದು ಲೋಡ್ ಒಯ್ದು, ‘ಇದು ಕರಗೋದೇ ಇಲ್ಲ’ ಎಂದು ವಾಪಸ್ ತಂದು ಸುರಿದರು. ಈಗ ಪಾಲಿಪ್ರೊಪಿಲೀನ್ (ಪಿಪಿ) ಇನ್ಸುಲೇಶನ್ ಇರುವ, ರೀಸೈಕಲ್ ಆಗುವ ಹೈವೋಲ್ಟೇಜ್ ಕೇಬಲ್ ಬಂದಿದೆ ಎನ್ನುತ್ತಾರೆ. ಅದನ್ನು ಕರಗಿಸಿ ಮತ್ತೆ ಕೇಬಲ್ ಮಾಡಬಹುದೇ? ಸದ್ಯ ನನ್ನ ರಾಶಿಗೆ ಏನು ದಾರಿ?

ಉತ್ತರ: ಗ್ರಾನ್ಯೂಲ್ಸ್‌ನವರು ಹೇಳಿದ್ದು ಸರಿ. ನಿಮ್ಮಲ್ಲಿರುವುದು ಎಕ್ಸ್‌ಎಲ್‌ಪಿಇ, ಅಂದರೆ ಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡ (ಕ್ರಾಸ್‌ಲಿಂಕ್ಡ್) ಪಾಲಿಥೀನ್. ಕರಗಬಾರದು ಅಂತಲೇ ಅದನ್ನು ತಯಾರಿಸಿರುತ್ತಾರೆ. ಪಿಪಿ ಇನ್ಸುಲೇಶನ್ ಕರಗುತ್ತದೆ, ಅದೂ ನಿಜ. ಆದರೆ ಕರಗಿದ್ದೆಲ್ಲ ಮತ್ತೆ ಹೈವೋಲ್ಟೇಜ್ ಇನ್ಸುಲೇಶನ್ ಆಗುತ್ತದೆ ಅಂದುಕೊಂಡರೆ ಎಡವುತ್ತೀರಿ. ಅದು ಯಾಕೆ ಅಂತ ಮೊದಲು ನೋಡಿ, ಆಮೇಲೆ ನಿಮ್ಮ ರಾಶಿಗೆ ಬರೋಣ.

ಎಕ್ಸ್‌ಎಲ್‌ಪಿಇಯ ಮೂಲ ಸರಕು ಎಲ್‌ಡಿಪಿಇ, ಹಾಲಿನ ಪ್ಯಾಕೆಟ್ಟಿನ ಬಳಗದ ಪಾಲಿಥೀನ್. ವಿದ್ಯುತ್ತನ್ನು ತಡೆಯುವುದರಲ್ಲಿ ಗಟ್ಟಿ, ಶಾಖದ ಮುಂದೆ ಮಾತ್ರ ಮೆತ್ತಗೆ: 105ರಿಂದ 115 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗಿ ಒತ್ತಿದರೆ ತಗ್ಗುತ್ತದೆ. ಕೇಬಲ್ಲಿನ ಕಂಡಕ್ಟರ್ ದಿನವಿಡೀ 90 ಡಿಗ್ರಿಯಲ್ಲಿ ಓಡಬೇಕು, ಶಾರ್ಟ್ ಸರ್ಕ್ಯೂಟ್ ಆದಾಗ 5 ಸೆಕೆಂಡಿನ ಮಟ್ಟಿಗೆ 250 ಡಿಗ್ರಿಯನ್ನೂ ತಾಳಬೇಕು. ಅದಕ್ಕಾಗಿ ಪಾಲಿಥೀನ್‌ಗೆ ನೂರಕ್ಕೆ ಎರಡು ಪಾಲಿನ ಆಸುಪಾಸು ಡೈಕ್ಯುಮೈಲ್ ಪೆರಾಕ್ಸೈಡ್ ಬೆರೆಸುತ್ತಾರೆ. ಕಂಡಕ್ಟರ್ ಮೇಲೆ ಹೊದಿಸಿದ ಕೂಡಲೇ ಒತ್ತಡದ ನೈಟ್ರೋಜನ್ ತುಂಬಿದ ಉದ್ದನೆಯ ಬಿಸಿ ಕೊಳವೆಯಲ್ಲಿ ಹಾಯಿಸುತ್ತಾರೆ. ಅಲ್ಲಿ ಪೆರಾಕ್ಸೈಡ್ ಒಡೆದು, ಅಕ್ಕಪಕ್ಕದ ಪಾಲಿಥೀನ್ ಸರಪಳಿಗಳು ಬೆಸೆದುಕೊಂಡು ಬಲೆಯಾಗುತ್ತವೆ. ಬೆಂದ ಇಡ್ಲಿಯನ್ನು ಎಷ್ಟು ಕಾಯಿಸಿದರೂ ಮತ್ತೆ ಹಿಟ್ಟಾಗದಲ್ಲ, ಹಾಗೆ.

ಇದನ್ನು ನಿಮ್ಮ ಶೆಡ್ಡಿನಲ್ಲೇ ಕಣ್ಣಾರೆ ನೋಡಬಹುದು. ಇನ್ಸುಲೇಶನ್ನಿನಿಂದ ಎರಡು ಮಿಲಿಮೀಟರ್ ದಪ್ಪದ ಚೂರು ಕತ್ತರಿಸಿ, 180 ಡಿಗ್ರಿಗೆ ಇಟ್ಟ ಹಾಟ್‌ಪ್ಲೇಟ್ ಮೇಲೆ ಹಾಕಿ. ಒಂದೆರಡು ನಿಮಿಷದಲ್ಲಿ ಹಾಲಿನ ಬಣ್ಣ ಹೋಗಿ ಗಾಜಿನಂತೆ ಪಾರದರ್ಶಕವಾಗುತ್ತದೆ. ಚಿಮಟಿಯಲ್ಲಿ ಎಳೆದರೆ ರಬ್ಬರಿನಂತೆ ಹಿಗ್ಗಿ, ಬಿಟ್ಟರೆ ಮೊದಲಿನ ಆಕಾರಕ್ಕೆ ಬರುತ್ತದೆ. ತಣಿದಾಗ ಮತ್ತೆ ಬೆಳ್ಳಗೆ. ಪ್ಲಾಸ್ಟಿಕ್ಕನ್ನು ಬೆಳ್ಳಗೆ ಕಾಣಿಸುವ ಒಳಗಿನ ಹರಳುಗಳು ಕರಗಿವೆ, ಬಲೆ ಮಾತ್ರ ಹಾಗೇ ಇದೆ. ಕಾರ್ಖಾನೆಯ ‘ಹಾಟ್ ಸೆಟ್’ ಪರೀಕ್ಷೆಯ ತತ್ವವೂ ಇದೇ: 200 ಡಿಗ್ರಿ ಓವನ್ನಿನಲ್ಲಿ ಚೂರಿಗೆ ಚದರ ಸೆಂಟಿಮೀಟರಿಗೆ 20 ನ್ಯೂಟನ್ ಭಾರ ಕಟ್ಟಿ 15 ನಿಮಿಷ ಬಿಟ್ಟಾಗ ಹಿಗ್ಗುವುದು ಶೇ. 175 ಮೀರಬಾರದು, ಭಾರ ತೆಗೆದು ತಣಿದ ಮೇಲೆ ಉಳಿಯುವ ಹಿಗ್ಗು ಶೇ. 15 ಮೀರಬಾರದು. ಸಾದಾ ಪಾಲಿಥೀನ್ ಆಗಲಿ, ಪಿಪಿ ಆಗಲಿ ಈ ಪರೀಕ್ಷೆಯಲ್ಲಿ ಜೇನಿನಂತೆ ಇಳಿದು ಹೋಗುತ್ತವೆ. ಈ ಮಾತು ನೆನಪಿರಲಿ, ಮುಂದೆ ಪಿಪಿ ಕೇಬಲ್ಲಿನ ಕಾಗದಪತ್ರದ ತೊಡಕು ಹುಟ್ಟುವುದು ಇಲ್ಲಿಂದಲೇ.

ರಾಶಿ ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ. 11 ಕೆ.ವಿ.ಯ ಮೂರು ಕೋರ್, 300 ಚದರ ಮಿ.ಮೀ. ಅಲ್ಯುಮಿನಿಯಂ ಕೇಬಲ್ ತೆಗೆದುಕೊಳ್ಳಿ. ಭಾರತೀಯ ಮಾನಕ ಐಎಸ್ 7098ರ ಎರಡನೇ ಭಾಗದ ಪ್ರಕಾರ ಅರ್ಥ್ ಆದ ವ್ಯವಸ್ಥೆಯಲ್ಲಿ ಇನ್ಸುಲೇಶನ್ ದಪ್ಪ 3.6 ಮಿ.ಮೀ. ಒಳಗಿನ ಕಪ್ಪು ಪದರ ಸೇರಿ ಕಂಡಕ್ಟರ್ ವ್ಯಾಸ ಸುಮಾರು 21.5 ಮಿ.ಮೀ. ಎಂದು ಹಿಡಿದರೆ, ಮೂರೂ ಕೋರ್ ಸೇರಿ ಕಿಲೋಮೀಟರಿಗೆ 780 ಕೆ.ಜಿ.ಯಷ್ಟು ಎಕ್ಸ್‌ಎಲ್‌ಪಿಇ. 33 ಕೆ.ವಿ.ಯಲ್ಲಿ ದಪ್ಪ 8.8 ಮಿ.ಮೀ.; 400 ಚದರ ಮಿ.ಮೀ.ಯ ಒಂದೇ ಕೋರಿಗೆ ಕಿಲೋಮೀಟರಿಗೆ 850 ಕೆ.ಜಿ. ಸುಲಿಯುವವರಿಗೆ ಅಲ್ಯುಮಿನಿಯಂ ಕಾಣುತ್ತದೆ, ಬಿಳಿ ರಾಶಿ ಕಾಣುವುದು ಶೆಡ್ಡು ತುಂಬಿದ ಮೇಲೆ.

ಈಗ ಪಿಪಿ. ಇದು 160 ಡಿಗ್ರಿಯ ಮೇಲೆ ಕರಗುವ ಪ್ಲಾಸ್ಟಿಕ್, ಹಾಗಾಗಿ 90 ಡಿಗ್ರಿಯಲ್ಲಿ ಓಡಿಸಲು ಬಲೆ ಕಟ್ಟುವ ಅಗತ್ಯವೇ ಇಲ್ಲ. ಹಾಗಾದರೆ ಇಷ್ಟು ವರ್ಷ ಯಾಕೆ ಬಳಸಲಿಲ್ಲ? ಸಾದಾ ಪಿಪಿ ಕೇಬಲ್ಲಿಗೆ ತೀರಾ ಬಿರುಸು. ಬಿಗಿತ ಎಲ್‌ಡಿಪಿಇಯ ಐದಾರು ಪಟ್ಟು, ಸೊನ್ನೆ ಡಿಗ್ರಿಯ ಹತ್ತಿರ ಗಾಜಿನ ಗುಣ ಬಂದು ಬಿರುಕು ಬಿಡುತ್ತದೆ. ಡ್ರಮ್ಮಿನಿಂದ ಬಿಚ್ಚುವಾಗಲೇ ಒಡೆದರೆ ಆ ಇನ್ಸುಲೇಶನ್ ಯಾರಿಗೆ ಬೇಕು? ಇದಕ್ಕೆ ಸಿಕ್ಕ ಪರಿಹಾರ ಮಿಶ್ರಣ. ಪಿಪಿಯ ಜೊತೆ ಪ್ರೊಪಿಲೀನ್–ಎಥಿಲೀನ್ ಕೋಪಾಲಿಮರ್ (ಎರಡೂ ಸೇರಿ ಆದ ಪ್ಲಾಸ್ಟಿಕ್) ಅಥವಾ ರಬ್ಬರಿನಂಥ ಇಲಾಸ್ಟೊಮರ್ ಬೆರೆಸಿ ಮೆದು ಮಾಡುತ್ತಾರೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಈ ಜಾತಿಯ ಮಿಶ್ರಣಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇಟಲಿ ಮೂಲದ ಪ್ರಿಸ್ಮಿಯನ್ ಕಂಪನಿ ‘ಪಿ-ಲೇಸರ್’ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಿತು. ಇಟಲಿಯ ವಿತರಣಾ ಜಾಲದಲ್ಲಿ 2000ರ ದಶಕದಿಂದಲೇ ಅದು ನೆಲದಡಿ ಇದೆ. ಚೀನಾದಲ್ಲಿ 110 ಕೆ.ವಿ. ಮಟ್ಟದಲ್ಲಿ ಪಿಪಿ ಕೇಬಲ್ ಹಾಕಿದ್ದಾರೆ, 525 ಕೆ.ವಿ. ಡಿಸಿಗೂ ಈ ಜಾತಿಯ ಇನ್ಸುಲೇಶನ್ ಪರೀಕ್ಷೆ ದಾಟಿದೆ. ಹಾಗಾಗಿ ಇದನ್ನು ಬರೀ ಪ್ರಯೋಗಾಲಯದ ಆಟಿಕೆ ಅನ್ನುವಂತಿಲ್ಲ.

ಮಿಶ್ರಣ ಸಿಕ್ಕಿತು ಅಂದ ಮಾತ್ರಕ್ಕೆ ಕೇಬಲ್ ಬರುವುದಿಲ್ಲ, ತಣಿಸುವುದರಲ್ಲೇ ಅರ್ಧ ಕುಶಲತೆ ಇದೆ. ನಿಧಾನ ತಣಿದರೆ ಪಿಪಿಯ ಹರಳುಗುಚ್ಛಗಳು ದೊಡ್ಡದಾಗಿ ಬೆಳೆಯುತ್ತವೆ. ಎರಡು ಗುಚ್ಛಗಳ ನಡುವಿನ ಗಡಿ ದುರ್ಬಲ: ಬಿರುಕೂ ಅಲ್ಲೇ, ವಿದ್ಯುತ್ ಸೀಳುವುದೂ ಅಲ್ಲೇ. ಬೇಗ ತಣಿಸಿದರೆ ಹೊರಗಿನ ಚರ್ಮ ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗಿ ಟೊಳ್ಳು ಬಿಡುತ್ತದೆ. 3.6 ಮಿ.ಮೀ. ದಪ್ಪದಲ್ಲಿ ಇದನ್ನು ಸಂಭಾಳಿಸಬಹುದು, 220 ಕೆ.ವಿ.ಯ 20 ಮಿ.ಮೀ. ಮೀರಿದ ದಪ್ಪದಲ್ಲಿ ಒಳಗೂ ಹೊರಗೂ ಒಂದೇ ವೇಗದಲ್ಲಿ ತಣಿಸುವುದು ನಿಜವಾದ ಸವಾಲು. ಅದರ ಮೇಲೆ, ಬಲೆ ಇಲ್ಲದ ಬಿಸಿ ಪ್ಲಾಸ್ಟಿಕ್ ತನ್ನ ಭಾರಕ್ಕೇ ಕೆಳಗೆ ಜೋಲುತ್ತದೆ, ಕಂಡಕ್ಟರ್ ಮಧ್ಯದಿಂದ ಸರಿಯುತ್ತದೆ. ಪಿಪಿ ಶಾಖವನ್ನು ಸಾಗಿಸುವುದೂ ಪಾಲಿಥೀನ್‌ಗಿಂತ ಕಡಿಮೆ. ಆದ್ದರಿಂದ ಹೆಚ್ಚು ಬಿಸಿ ತಾಳುತ್ತದೆ ಅಂದ ಮಾತ್ರಕ್ಕೆ ಅಷ್ಟೂ ಹೆಚ್ಚು ಕರೆಂಟ್ ಹೊರುತ್ತದೆ ಎನ್ನುವ ಲೆಕ್ಕ ಸರಿಬರುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಕಾರ್ಖಾನೆಯವರು ಪಿಪಿ ಕಡೆ ಹೋಗುವುದಕ್ಕೆ ರೀಸೈಕ್ಲಿಂಗ್ ಒಂದೇ ಕಾರಣ ಅಂತ ನನಗನ್ನಿಸುವುದಿಲ್ಲ. ಪೆರಾಕ್ಸೈಡ್ ಒಡೆದಾಗ ಅಸಿಟೋಫಿನೋನ್, ಕ್ಯುಮೈಲ್ ಆಲ್ಕೊಹಾಲ್, ಮೀಥೇನ್ ಇನ್ಸುಲೇಶನ್ನಿನಲ್ಲೇ ಉಳಿಯುತ್ತವೆ. ಅವನ್ನು ಹೊರಹಾಕಲು ಇಡೀ ಡ್ರಮ್ಮನ್ನು 60ರಿಂದ 80 ಡಿಗ್ರಿಯ ಕೋಣೆಯಲ್ಲಿ ದಿನಗಟ್ಟಲೆ, ಹೈವೋಲ್ಟೇಜ್ ಕೇಬಲ್ ಆದರೆ ವಾರಗಟ್ಟಲೆ ಇಡಬೇಕು. ಸರಿಯಾಗಿ ಹೊರಹಾಕದಿದ್ದರೆ ಮೊಹರಾದ ತುದಿಯಲ್ಲಿ ಮೀಥೇನ್ ಸೇರಿ ಬೆಂಕಿಯ ಅಪಾಯ. ಡಿಸಿ ಕೇಬಲ್ಲಿನಲ್ಲಿ ಈ ಶೇಷಗಳು ಇನ್ಸುಲೇಶನ್ನಿನೊಳಗೆ ವಿದ್ಯುದಾವೇಶ ಕೂಡಿಹಾಕಿ ಕ್ಷೇತ್ರವನ್ನು ಎಲ್ಲಿಂದೆಲ್ಲಿಗೋ ತಿರುಗಿಸುತ್ತವೆ. ಪಿಪಿಯಲ್ಲಿ ಪೆರಾಕ್ಸೈಡೇ ಇಲ್ಲ, ಆದ್ದರಿಂದ ಈ ಕೋಣೆಯೂ ಬೇಡ, ಕಾಯುವುದೂ ಬೇಡ. ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಕರಗಿಸಿ ಹೊರದೂಡುವ ಯಂತ್ರ) ಒಳಗೇ ಬಲೆ ಕಟ್ಟಿಕೊಂಡು ಕಂದು ಚೂರು ಉದುರುವ ‘ಸ್ಕಾರ್ಚ್’ ಕಾಟವೂ ಇಲ್ಲ. ಲೈನ್ ಶುರು ಮಾಡುವಾಗ ಹೋಗುವ ಶುದ್ಧ ತುಂಡುಗಳನ್ನು ಅಲ್ಲೇ ಪುಡಿ ಮಾಡಿ ಕೆಳದರ್ಜೆಯ ಕೆಲಸಕ್ಕೆ ಬಳಸಬಹುದು. ನಿಜವಾದ ರೀಸೈಕ್ಲಿಂಗ್ ಲಾಭ ಇವತ್ತಿಗೆ ಕಾರ್ಖಾನೆಯ ಗೇಟಿನ ಒಳಗೇ ಇದೆ.

ಮೂವತ್ತು ನಲವತ್ತು ವರ್ಷ ನೆಲದಲ್ಲಿದ್ದು ಬರುವ ಪಿಪಿಯ ಕಥೆ ಬೇರೆ. 11 ಕೆ.ವಿ. ಕೇಬಲ್ಲಿನಲ್ಲಿ ಕಂಡಕ್ಟರ್ ಪಕ್ಕದ ವಿದ್ಯುತ್ ಕ್ಷೇತ್ರ ಮಿಲಿಮೀಟರಿಗೆ ಸುಮಾರು 2 ಕೆ.ವಿ. ಅದೇ 220 ಕೆ.ವಿ. ಕೇಬಲ್ಲಿನಲ್ಲಿ, 20 ಮಿ.ಮೀ. ತ್ರಿಜ್ಯದ ಕಂಡಕ್ಟರ್ ಮೇಲೆ 23 ಮಿ.ಮೀ. ಇನ್ಸುಲೇಶನ್ ಎಂದಿಟ್ಟುಕೊಂಡರೆ, 8 ಕೆ.ವಿ. ದಾಟುತ್ತದೆ. ಅಷ್ಟು ಬಿಗಿಯಾದ ಕ್ಷೇತ್ರದಲ್ಲಿ ಕೂದಲೆಳೆಯಷ್ಟು, ಅಂದರೆ 100 ಮೈಕ್ರಾನ್ ಆಸುಪಾಸಿನ ಲೋಹದ ಚೂರೋ ಕಪ್ಪು ಕಣವೋ ಇದ್ದರೆ ಸಾಕು, ಅದರ ತುದಿಯಲ್ಲಿ ಕ್ಷೇತ್ರ ಹಲವು ಪಟ್ಟಾಗಿ ಸೀಳು ಶುರುವಾಗುತ್ತದೆ. ಹೊಸ ಪ್ಲಾಸ್ಟಿಕ್ಕನ್ನೇ ಕ್ಲೀನ್‌ರೂಮಿನಲ್ಲಿ ಕಾಳು ಕಾಳು ಪರೀಕ್ಷಿಸಿ ಒಳಗೆ ಬಿಡುವ ಉದ್ಯಮ ಇದು. ಸುಲಿಯುವ ಯಂತ್ರದ ಬ್ಲೇಡಿನ ಪುಡಿ, ತಾಮ್ರದ ಟೇಪಿನ ಎಳೆ, ಸೆಮಿಕಾನಿನ (ಇನ್ಸುಲೇಶನ್ನಿನ ಎರಡೂ ಬದಿಯ ಅರೆವಾಹಕ ಕಪ್ಪು ಪದರದ) ಇಂಗಾಲ ಅಂಟಿದ ಸರಕನ್ನು ಅಲ್ಲಿಗೆ ಯಾರೂ ಬಿಡುವುದಿಲ್ಲ. ಬಿಡಲೂಬಾರದು.

ಕಾಲವೂ ಪಿಪಿಯನ್ನು ತಿನ್ನುತ್ತದೆ. ಅದರ ಸರಪಳಿಯ ರಚನೆಯಿಂದಾಗಿ ಆಮ್ಲಜನಕಕ್ಕೆ ಪಾಲಿಥೀನ್‌ಗಿಂತ ಬೇಗ ಸೋಲುತ್ತದೆ, ಪಕ್ಕದಲ್ಲಿ ತಾಮ್ರವಿದ್ದರೆ ಇನ್ನೂ ಬೇಗ. ಅದಕ್ಕೇ ಆಂಟಿಆಕ್ಸಿಡೆಂಟ್ ಜೊತೆ ಲೋಹದ ಪ್ರಭಾವ ತಡೆಯುವ ಪದಾರ್ಥ ಹಾಕಿರುತ್ತಾರೆ, ವರ್ಷಗಳಲ್ಲಿ ಅದು ಸವೆಯುತ್ತದೆ. ಹಳೆ ಪಿಪಿಯನ್ನು ಕರಗಿಸುವ ಮೊದಲು ಮೆಲ್ಟ್ ಫ್ಲೋ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು) ಅಳೆಯಲೇಬೇಕು: 230 ಡಿಗ್ರಿ, 2.16 ಕೆ.ಜಿ. ಭಾರ. ಸಂಖ್ಯೆ ಹೊಸ ಸರಕಿಗಿಂತ ತುಂಬ ಏರಿದ್ದರೆ ಸರಪಳಿ ತುಂಡಾಗಿವೆ, ಎಳೆದರೆ ಮುರಿಯುವ ಮಾಲು. ಸ್ಟೆಬಿಲೈಸರ್ (ಈ ರಕ್ಷಕ ಪದಾರ್ಥಗಳು) ಹೊಸದಾಗಿ ಸೇರಿಸದೆ ಓಡಿಸಿದರೆ ಪ್ರತಿ ಸುತ್ತಿಗೂ ಇನ್ನಷ್ಟು ಏರುತ್ತದೆ. ಸರಿಯಾಗಿ ಬೇರ್ಪಟ್ಟ ಪಿಪಿ ಇನ್ಸುಲೇಶನ್ನಿಗೆ ಸಲ್ಲುವ ಜಾಗ ಕೇಬಲ್ ಡಕ್ಟ್, ರಕ್ಷಣಾ ಪೈಪು, ಕ್ರೇಟು, ಕೇಬಲ್ಲಿನ ಒಳತುಂಬುವ ಭಾಗ, ಇಂಥವು. ಅದೇನೂ ಕಡಿಮೆಯಲ್ಲ. ನಿಮ್ಮ ಎಕ್ಸ್‌ಎಲ್‌ಪಿಇ ರಾಶಿಗೆ ಆ ಬಾಗಿಲೂ ಸರಾಗವಾಗಿ ತೆರೆಯುವುದಿಲ್ಲ.

ನಮ್ಮಲ್ಲಿ ಪಿಪಿ ಕೇಬಲ್ ಯಾವಾಗ ರಾಶಿಗೆ ಬರುತ್ತದೆ? ನೀವು ಈಗಲೇ ಅದಕ್ಕಾಗಿ ಯಂತ್ರ ಕೊಳ್ಳಬೇಡಿ. ಐಎಸ್ 7098 ಎಕ್ಸ್‌ಎಲ್‌ಪಿಇಗಾಗಿಯೇ ಬರೆದ ಮಾನಕ. ಎರಡನೇ ಭಾಗ 33 ಕೆ.ವಿ.ವರೆಗೆ, ಮೂರನೇ ಭಾಗ 66ರಿಂದ 220 ಕೆ.ವಿ.ವರೆಗೆ. ಹಾಟ್ ಸೆಟ್ ಪರೀಕ್ಷೆ ಅದರಲ್ಲೇ ಕೂತಿದೆ, ಪಿಪಿ ಅದನ್ನು ದಾಟುವುದು ಸಾಧ್ಯವೇ ಇಲ್ಲ. ಹಾಗಾಗಿ ಆ ಮಾನಕ ಹೆಸರಿಸಿದ ಟೆಂಡರಿಗೆ ಪಿಪಿ ಹೊಂದುವುದಿಲ್ಲ. ಸ್ವಂತ ಕೈಗಾರಿಕೆ ಅಥವಾ ಸೋಲಾರ್ ಸ್ಥಾವರಕ್ಕೆ ಯಾರಾದರೂ 33 ಕೆ.ವಿ. ಪಿಪಿ ಕೇಬಲ್ ತರಿಸುವುದಾದರೆ, ವಿದ್ಯುತ್ ಪರಿವೀಕ್ಷಕರ ಒಪ್ಪಿಗೆಯನ್ನು ಆರ್ಡರಿಗೆ ಮುಂಚೆ ಬರಹದಲ್ಲಿ ಪಡೆಯಲಿ. ಉತ್ಪಾದಕರಿಂದ ಹಾಟ್ ಸೆಟ್ ಬದಲಿಗೆ ಬಿಸಿಯಲ್ಲಿ ಒತ್ತಿ ತಗ್ಗು ನೋಡುವ ಪರೀಕ್ಷೆಯ ವರದಿ, ಪಾರ್ಶಿಯಲ್ ಡಿಸ್ಚಾರ್ಜ್ (ಇನ್ಸುಲೇಶನ್ನಿನೊಳಗಿನ ಸಣ್ಣ ವಿದ್ಯುತ್ ಕಿಡಿ) ವರದಿ, ಬಿಸಿ ಮಾಡಿ ತಣಿಸುವ ಆವರ್ತಗಳ ವರದಿ, ನೀರಿನಲ್ಲಿ ಎರಡು ವರ್ಷ ಇಟ್ಟ ದೀರ್ಘಾವಧಿ ಪರೀಕ್ಷೆಯ ವರದಿ ಕೇಳಲಿ. ಶಾರ್ಟ್ ಸರ್ಕ್ಯೂಟ್ ತಾಪದ ಅಂಕಿಯನ್ನೂ ಎಷ್ಟು ಸೆಕೆಂಡಿಗೆ ಎಂಬುದರ ಸಮೇತ ಬರೆಸಿಕೊಳ್ಳಲಿ. ಇಂಥ ಪರೀಕ್ಷೆಗಳಿಗೆ ಬೆಂಗಳೂರಿನಲ್ಲೇ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇದೆ. ಜಾಯಿಂಟ್ ವಿಷಯದಲ್ಲಿ ಒಂದು ಮಾತು: ಎಕ್ಸ್‌ಎಲ್‌ಪಿಇ ಟೇಪ್ ಸುತ್ತಿ ಬೇಯಿಸುವ ಜಾಯಿಂಟ್ ಪಿಪಿಗೆ ಬೆಸೆಯುವುದಿಲ್ಲ, ಸಿಲಿಕೋನ್ ಅಥವಾ ಇಪಿಡಿಎಮ್ ರಬ್ಬರಿನ, ಮೊದಲೇ ಅಚ್ಚು ಹಾಕಿದ (ಪ್ರೀಮೋಲ್ಡ್) ಜಾಯಿಂಟೇ ಬೇಕು.

ಇನ್ನು ನಿಮ್ಮ ರಾಶಿ.

ಮೊದಲು ಕೇಬಲ್ ಮೇಲಿನ ಅಚ್ಚು ಓದಿ. ‘ಎ2ಎಕ್ಸ್‌ಎಫ್‌ವೈ’ ಅಂತಿದ್ದರೆ ಎ ಅಲ್ಯುಮಿನಿಯಂ, 2ಎಕ್ಸ್ ಎಕ್ಸ್‌ಎಲ್‌ಪಿಇ, ಎಫ್ ಚಪ್ಪಟೆ ಉಕ್ಕಿನ ಪಟ್ಟಿ, ವೈ ಪಿವಿಸಿ ಹೊರಕವಚ. ಕೊನೆಯಲ್ಲಿ 2ವೈ ಇದ್ದರೆ ಹೊರಕವಚವೂ ಪಾಲಿಥೀನ್. ಇದನ್ನು ಓದದೆ ಎಲ್ಲವನ್ನೂ ಒಂದೇ ಗ್ರೈಂಡರಿಗೆ ಹಾಕಿದರೆ ಅಲ್ಲಿಗೆ ಸರಕು ಕೆಟ್ಟಿತು. ಹೊರಕವಚ, ಉಕ್ಕಿನ ಪಟ್ಟಿ, ಒಳಹಾಸು, ತಾಮ್ರದ ಟೇಪು, ಹೀಗೆ ಪದರ ಪದರವಾಗಿ ತೆಗೆಯಿರಿ. ನೀರು ಹೀರುವ ಟೇಪ್ ಇದ್ದರೆ ಒಣಗಿದ್ದಾಗಲೇ ಕಿತ್ತು ಬೇರೆ ಚೀಲಕ್ಕೆ ಹಾಕಿ. ಒದ್ದೆಯಾದರೆ ಅದರ ಪುಡಿ ಲೋಳೆಯಾಗಿ ತೊಟ್ಟಿಯನ್ನೇ ಕೆಡಿಸುತ್ತದೆ.

ನಿಮ್ಮ ಬಿಳಿ ರಾಶಿಯನ್ನು ನಿಜವಾಗಿ ಹಾಳು ಮಾಡುವುದು ಅದರ ಎರಡೂ ಬದಿಗೆ ಅಂಟಿದ ಕಪ್ಪು ಸೆಮಿಕಾನ್ ಪದರ. ಅರ್ಧದಿಂದ ಒಂದು ಮಿ.ಮೀ. ದಪ್ಪ, ತೂಕದಲ್ಲಿ ಮೂರನೇ ಒಂದು ಪಾಲಿನ ಆಸುಪಾಸು ಕಾರ್ಬನ್ ಬ್ಲ್ಯಾಕ್. ನಮ್ಮ 11, 33 ಕೆ.ವಿ. ಕೇಬಲ್‌ಗಳಲ್ಲಿ ಹೊರಗಿನ ಪದರ ಸಾಮಾನ್ಯವಾಗಿ ಕೈಯಲ್ಲಿ ಸುಲಿಯುವಂಥದ್ದು. ಪದರದ ದಪ್ಪಕ್ಕಿಂತ ಕಡಿಮೆ ಆಳಕ್ಕೆ ಉದ್ದುದ್ದ ಗೀರಿ, ತುದಿ ಎಬ್ಬಿಸಿ ಎಳೆದರೆ ಪಟ್ಟಿಯಾಗಿ ಬರುತ್ತದೆ. ಒಳಗಿನದು ಬೆಸೆದುಕೊಂಡಿರುತ್ತದೆ. ಇನ್ಸುಲೇಶನ್ನನ್ನು ಉದ್ದಕ್ಕೆ ಸೀಳಿ ಕಂಡಕ್ಟರ್ ತೆಗೆದ ಮೇಲೆ ಒಳಬದಿಯನ್ನು ಹೆರೆಯಬೇಕು. 66 ಕೆ.ವಿ. ಮತ್ತು ಮೇಲಿನದರಲ್ಲಿ ಹೊರಪದರವೂ ಬೆಸೆದದ್ದೇ, ಅಲ್ಲಿ ಕೈಕೆಲಸ ಕಟ್ಟುವುದಿಲ್ಲ.

ಹೆರೆದ ಮೇಲೆ 3ರಿಂದ 5 ಮಿ.ಮೀ. ಚೂರು ಮಾಡಿ ನೀರಿನ ತೊಟ್ಟಿಗೆ ಹಾಕಿ. ಎಕ್ಸ್‌ಎಲ್‌ಪಿಇ ಸಾಂದ್ರತೆ 0.92, ತೇಲುತ್ತದೆ. ಸೆಮಿಕಾನ್ 1.1ರ ಮೇಲೆ, ಪಿವಿಸಿ 1.3ರ ಮೇಲೆ, ಎರಡೂ ಮುಳುಗುತ್ತವೆ. ಆದರೆ ಅರ್ಧ ಬಿಳಿ ಅರ್ಧ ಕಪ್ಪು ಇರುವ ಚೂರು ಮೇಲೂ ಇಲ್ಲ ಕೆಳಗೂ ಇಲ್ಲ ಎಂಬಂತೆ ಓಲಾಡುತ್ತದೆ. ಅಂಥದ್ದು ಹೆಚ್ಚಿದ್ದರೆ ನಿಮ್ಮ ಹೆರೆಯುವ ಕೆಲಸ ಸರಿಯಿಲ್ಲ ಅಂತಲೇ ಅರ್ಥ. ಪಾಲಿಥೀನ್ ಹೊರಕವಚದ ಕಪ್ಪು ಚೂರು ಎಕ್ಸ್‌ಎಲ್‌ಪಿಇ ಜೊತೆಗೇ ತೇಲುತ್ತದೆ, ತೊಟ್ಟಿಯನ್ನು ನಂಬಬೇಡಿ. ಪಿವಿಸಿ ಉಳಿದಿದೆಯೇ ಎಂಬ ಅನುಮಾನಕ್ಕೆ ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಚೂರಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಮಿಂಚಿದರೆ ಕ್ಲೋರಿನ್ ಇದೆ. ಗಾಳಿ ಆಡುವ ಜಾಗದಲ್ಲಿ, ಚೂರೇ ಚೂರು ಮಾತ್ರ. ತಂತಿ ತೆಗೆಯಲು ಕೇಬಲ್ ಸುಡುವುದಂತೂ ಕಾನೂನಿಗೂ ವಿರುದ್ಧ, ಶ್ವಾಸಕೋಶಕ್ಕೂ ವಿಷ.

ಹೀಗೆ ಶುದ್ಧವಾದ ಎಕ್ಸ್‌ಎಲ್‌ಪಿಇಗೆ ಮೂರು ದಾರಿ. ಒಂದು, ನುಣ್ಣಗೆ ಪುಡಿ ಮಾಡಿ ಕರಗುವ ಪಾಲಿಥೀನ್ ಜೊತೆ ಫಿಲ್ಲರ್ ಆಗಿ ಬೆರೆಸುವುದು. ನೂರಕ್ಕೆ ಹತ್ತು ಪಾಲಿನಿಂದ ಶುರು ಮಾಡಿ, ಇಪ್ಪತ್ತರ ಮೇಲೆ ಹೋಗುವಾಗ ಪ್ರತಿ ಹೆಜ್ಜೆಗೂ ಎಳೆದು ನೋಡಿ, ಹಿಗ್ಗುವ ಗುಣ ಬೇಗ ಕುಸಿಯುತ್ತದೆ. ದಪ್ಪ ಹಲಗೆ, ಪ್ಯಾಲೆಟ್, ಕೇಬಲ್ ಮೇಲೆ ಮುಚ್ಚುವ ಎಚ್ಚರಿಕೆ ಹಲಗೆಯಂಥವಕ್ಕೆ ಸರಿ, ಫಿಲ್ಮಿಗೂ ತೆಳು ಪೈಪಿಗೂ ಬೇಡ. ನಿಮ್ಮ ಗ್ರಾನ್ಯೂಲ್ಸ್‌ನವರ ಯಂತ್ರದಲ್ಲಿ ಆಗಿರುವುದೂ ಇದೇ ಇರಬೇಕು: ಚೂರು ಕರಗದೆ ಜಾಲರಿಗೆ ಹೋಗಿ ಕೂತಿದೆ, ಒತ್ತಡ ಏರಿದೆ, ಮೋಟಾರ್ ಆಂಪಿಯರ್ ಜಿಗಿದಿದೆ. ಅವರಿಗೆ ಚೂರು ಕೊಡಬೇಡಿ, ಪುಡಿ ಕೊಡಿ, ಎಕ್ಸ್‌ಎಲ್‌ಪಿಇ ಅಂತ ಬರೆದೇ ಕೊಡಿ.

ಎರಡನೆಯದು ಪೈರೋಲಿಸಿಸ್. ಆಮ್ಲಜನಕವಿಲ್ಲದೆ 400–500 ಡಿಗ್ರಿಯಲ್ಲಿ ಕಾಯಿಸಿದಾಗ ಬಲೆಯೂ ಮುರಿದು ಮೇಣ, ಎಣ್ಣೆ, ಅನಿಲವಾಗುತ್ತದೆ. ಪಿವಿಸಿ ಬೆರೆತರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ರಿಯಾಕ್ಟರನ್ನೇ ತಿನ್ನುತ್ತದೆ, ಅದಕ್ಕೇ ಅಂಥ ಘಟಕದವರು ನಿಮ್ಮ ತೊಟ್ಟಿ ಕೆಲಸದ ಬಗ್ಗೆ ಕೇಳಿಯೇ ಕೇಳುತ್ತಾರೆ. ಮೂರನೆಯದು ಸಿಮೆಂಟ್ ಗೂಡು. ಪಾಲಿಥೀನ್ ಕಿಲೋಗೆ 40 ಮೆಗಾಜೂಲ್ ಮೀರಿದ ಶಾಖ ಕೊಡುತ್ತದೆ, ಕಲ್ಲಿದ್ದಲಿನ ಎರಡು ಪಟ್ಟಿನಷ್ಟು. ಕಲಬುರಗಿ ಕಡೆಯ ಗೂಡುಗಳಿಗೆ ಸಾಗಿಸುವ ಖರ್ಚು ಹೊಂದುತ್ತದೆಯೇ ಅನ್ನುವುದು ನಿಮ್ಮ ಲಾರಿ ಲೆಕ್ಕ. ಪ್ಲಾಸ್ಟಿಕ್ ಹಗುರ, ಗಟ್ಟಿಯಾಗಿ ಒತ್ತಿ ಬೇಲ್ ಮಾಡದೆ ಕಳಿಸಿದರೆ ಗಾಳಿಗೆ ಬಾಡಿಗೆ ಕೊಟ್ಟಂತೆ. ಯಾವ ದಾರಿ ಹಿಡಿದರೂ ನಿಮ್ಮ ಮತ್ತು ಕೊಳ್ಳುವವರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರದಲ್ಲಿ ಆ ಕೆಲಸ ನಮೂದಾಗಿದೆಯೇ ನೋಡಿಕೊಳ್ಳಿ.

ಕೇಬಲ್ ಕಾರ್ಖಾನೆಯ ತ್ಯಾಜ್ಯವನ್ನೂ ಕೊಳ್ಳುವುದಾದರೆ ಒಂದು ಎಚ್ಚರ. ಎಕ್ಸ್‌ಟ್ರೂಡರ್ ಬಾಯಿಂದ ಬಿದ್ದ ದೊಡ್ಡ ಬಿಳಿ ಗಡ್ಡೆಗಳು ಇನ್ನೂ ಬಲೆಯಾಗಿರುವುದಿಲ್ಲ, ಹಾಟ್‌ಪ್ಲೇಟಿನಲ್ಲಿ ಮೊದಲು ಕರಗುತ್ತವೆ. ಒಳ್ಳೆ ಎಲ್‌ಡಿಪಿಇ ಅಂತ 180 ಡಿಗ್ರಿಯ ಎಕ್ಸ್‌ಟ್ರೂಡರಿಗೆ ಹಾಕಿದಿರೋ, ಒಳಗಿರುವ ಪೆರಾಕ್ಸೈಡ್ ಎಚ್ಚೆತ್ತು ಬ್ಯಾರೆಲ್ಲಿನಲ್ಲೇ ಬಲೆ ಕಟ್ಟುತ್ತದೆ, ಸ್ಕ್ರೂ ಕಚ್ಚಿಕೊಳ್ಳುತ್ತದೆ. ಆಮೇಲೆ ಸ್ಕ್ರೂ ಎಳೆದು ಸುಲಿಯುವುದೇ ಗತಿ. ಚೂರನ್ನು ಹಾಟ್‌ಪ್ಲೇಟಿನಲ್ಲಿ ಹದಿನೈದು ನಿಮಿಷ ಬಿಡಿ. ಮೊದಲು ಹರಿದು ಆಮೇಲೆ ರಬ್ಬರಾದರೆ ಅದು ಪೆರಾಕ್ಸೈಡ್ ಇರುವ ಮಾಲು.

ಕೊನೆಗೆ, ಪಿಪಿಯೂ ಎಕ್ಸ್‌ಎಲ್‌ಪಿಇಯೂ ಎರಡೂ ಬೆಳ್ಳಗೆ, ಎರಡೂ ನೀರಿನಲ್ಲಿ ತೇಲುತ್ತವೆ, ಸಾಂದ್ರತೆ 0.90 ಮತ್ತು 0.92. ಒಮ್ಮೆ ಪುಡಿಯಾಗಿ ಬೆರೆತರೆ ಬೇರ್ಪಡಿಸುವ ಅಗ್ಗದ ಉಪಾಯವಿಲ್ಲ, ಎಕ್ಸ್‌ಎಲ್‌ಪಿಇ ಕಣ ಬೆರೆತ ಪಿಪಿ ಗಂಟು ಗಂಟಾಗಿ ಬರುತ್ತದೆ. ಆಮದು ಕೇಬಲ್ಲಿನಲ್ಲಿ ‘ಎಚ್‌ಪಿಟಿಇ’ (ಪಿಪಿ ಆಧಾರಿತ ಇನ್ಸುಲೇಶನ್ನಿನ ಹೆಸರು) ಅಥವಾ ‘ಪಿಪಿ’ ಎಂಬ ಅಚ್ಚು ಕಂಡರೆ ಆ ತುಂಡನ್ನು ಸುಲಿಯುವ ಮುಂಚೆಯೇ ಪಕ್ಕಕ್ಕಿಡಿ. ಅಚ್ಚು ಅಳಿಸಿದ್ದರೆ ಪ್ರತಿ ಡ್ರಮ್ಮಿನ ತುದಿಯಿಂದ ಒಂದು ಚೂರು ತೆಗೆದು ಹಾಟ್‌ಪ್ಲೇಟಿಗೆ ಹಾಕಿ. 140 ಡಿಗ್ರಿಯಲ್ಲಿ ಪಾರದರ್ಶಕ ರಬ್ಬರಾದರೆ ಎಕ್ಸ್‌ಎಲ್‌ಪಿಇ. 140ರಲ್ಲಿ ಇನ್ನೂ ಮಬ್ಬು ಬಿಳಿಯಾಗಿಯೇ ಉಳಿದು, 180ಕ್ಕೆ ಏರಿಸಿದಾಗ ಹರಿದರೆ ಪಿಪಿ. ಚೀಲದ ಮೇಲೆ ಅದನ್ನು ಮಾರ್ಕರಿನಲ್ಲಿ ಬರೆದ ಮೇಲೆಯೇ ಗ್ರೈಂಡರ್ ಸ್ವಿಚ್ ಒತ್ತಿ.